ಗೋದಕ್ಕನ ಹಂಡೆ

ಆಗೆಲ್ಲ ನಮ್ಮ ಚಾಂದ್‌ಖೇಡಾದ ಕಾಲೋನಿಗೆ ಟಪಾಲು ಬರುತ್ತಿದ್ದುದು ಮಧ್ಯಾಹ್ನ ಮೂರು ಗಂಟೆಗೆ. ತೊಂಬತ್ತರ ದಶಕದ ನಡುವಿನ ಮಾತು. ಮಳೆ ನಿಂತು, ಚಳಿ ಇನ್ನೂ ದೂರವಿರುವ ಆ ಎರಡು ತಿಂಗಳು ಅಹಮದಾಬಾದಿನ ಬಿಸಿಲು ಹೋದೆ ಎಂದು ಹೇಳಿ ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ. ನನ್ನದು ಬೆಳಗಿನ ಪಾಳಿಯ ಶಾಲೆ. ಊಟ ಮುಗಿಸಿ ಅಮ್ಮ ಫ್ಯಾನಿನ ಕೆಳಗೆ ಅಡ್ಡಾಗುವಳು. ಸೈಕಲ್ ಗಂಟೆ ಕೇಳಿದ ಕೂಡಲೇ ನಾನು ಎರಡು ಮಹಡಿ ಇಳಿದು ಓಡಬೇಕು. ತಡವಾದರೆ ಬಾಲ್ಕನಿಯಿಂದ ಅಜ್ಜಿಯ ದನಿ ಬರುತ್ತಿತ್ತು.

“ಪದ್ದೀ, ಟಪ್ಪಾಲ ಬಂತು. ಕಿವಿ ಎಲ್ಲಿಟ್ಟೀಯವಾ?”

ಅಜ್ಜಿ ಎಂದರೆ ಅಪ್ಪನ ತಾಯಿ, ಅಂಬಕ್ಕ. ಅಜ್ಜ ತೀರಿಕೊಂಡ ಮೇಲೆ ಗುಳೇದಗುಡ್ಡದಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಂದಿಗೆ ನಮ್ಮ ಮನೆಗೆ ಬಂದವಳು. ಮೊಣಕಾಲು ನೋವು, ಮನೆ ಎರಡನೆಯ ಮಹಡಿ. ಹೀಗಾಗಿ ಬಂದ ದಿನ ಮೆಟ್ಟಿಲು ಹತ್ತಿದವಳು ಮತ್ತೆ ಇಳಿದದ್ದು ಬೆರಳೆಣಿಕೆಯ ಸಲ. ಅಪ್ಪನಿಗೆ ತೈಲ ಕಂಪನಿಯಲ್ಲಿ ಕೆಲಸ. ಹದಿನಾಲ್ಕು ದಿನ ಮೆಹಸಾಣಾ ಕಡೆಯ ಎಣ್ಣೆ ಬಾವಿಗಳ ಹತ್ತಿರ, ಹದಿನಾಲ್ಕು ದಿನ ಮನೆಯಲ್ಲಿ. ಅಮ್ಮ ಬೆಳಿಗ್ಗೆ ಕಾಲೋನಿಯ ಬಾಲಮಂದಿರದಲ್ಲಿ ಪಾಠ ಹೇಳುತ್ತಿದ್ದಳು. ಅಜ್ಜಿಗೆ ಉಳಿದದ್ದು ಬಾಲ್ಕನಿ, ಅದರ ಎದುರಿನ ಬೇವಿನ ಮರ, ಮತ್ತು ಪಕ್ಕದ ಮನೆಯ ಕೋಕಿಲಾಬೆನ್. ಅಜ್ಜಿ ಕನ್ನಡದಲ್ಲಿ ಮಾತಾಡುವಳು, ಕೋಕಿಲಾಬೆನ್ ಗುಜರಾತಿಯಲ್ಲಿ ಉತ್ತರ ಕೊಡುವರು. ಉಪ್ಪಿನಕಾಯಿಯಿಂದ ಹಿಡಿದು ಸೊಸೆಯರವರೆಗೆ ಎಲ್ಲ ವಿಷಯವೂ ಇಬ್ಬರಿಗೂ ತಿಳಿಯುತ್ತಿತ್ತು.

ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರ ಕಾಣುತ್ತಿರಲಿಲ್ಲ. ಹಾಗೆಂದು ಪತ್ರವನ್ನು ಅಮ್ಮನಿಂದ ಓದಿಸಿಕೊಳ್ಳಲು ಅವಳು ತಯಾರಿರಲಿಲ್ಲ. “ನಿಮ್ಮವ್ವ ಓದಿದ್ರ ಅರ್ಧಾ ನುಂಗತಾಳ,” ಎನ್ನುತ್ತಿದ್ದಳು. ಪತ್ರದ ಅರ್ಧ ಭಾಗ ಅಮ್ಮನ ಬಗ್ಗೆಯೇ ಇರುತ್ತಿದ್ದುದರಿಂದ ಅದು ಸುಳ್ಳೇನಲ್ಲ. ಅದಕ್ಕೇ ಅಜ್ಜಿ ನನ್ನನ್ನು ಕೂರಿಸಿಕೊಂಡು, ಅಕ್ಕಿ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಬರೆಸಿ, ಕನ್ನಡ ಕಲಿಸಿದಳು. ಕಾಲೋನಿಯಲ್ಲಿ ಗುಜರಾತಿ, ಶಾಲೆಯಲ್ಲಿ ಹಿಂದಿ, ಇಂಗ್ಲಿಷು. ಹನ್ನೊಂದು ವರ್ಷದ ನನಗೆ ಕನ್ನಡ ಓದಲು ಬಂದದ್ದು ಗೋದಕ್ಕನ ಪತ್ರಗಳ ದೆಸೆಯಿಂದ.

ಗೋದಕ್ಕ ಅಜ್ಜಿಯ ಹಿರಿಯ ನೆಗೆಣ್ಣಿ, ಅಂದರೆ ಅಜ್ಜನ ಅಣ್ಣನ ಹೆಂಡತಿ. ಇಬ್ಬರೂ ಮೂವತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಬೆಂದವರು. ಇಬ್ಬರ ಗಂಡಂದಿರೂ ಹೋದ ಮೇಲೆ ಪಾತ್ರೆ ಪಗಡೆ ಪಾಲಾಯಿತು. ಎಲ್ಲವೂ ಎರಡೆರಡು ಇದ್ದವು. ನೀರು ಕಾಯಿಸುವ ತಾಮ್ರದ ಹಂಡೆ ಮಾತ್ರ ಒಂದೇ. “ನೀ ನಳದಾಗ ನೀರ ಬರೋ ಊರಿಗೆ ಹೊಂಟೀ. ಹಂಡೀ ತಗೊಂಡ ಏನ ಮಾಡ್ತಿ?” ಎಂದು ಗೋದಕ್ಕ ಅದನ್ನು ತನ್ನ ಬಚ್ಚಲಲ್ಲೇ ಇರಿಸಿಕೊಂಡರು. ಅಜ್ಜಿ ಅದನ್ನು ಮರೆಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಅಜ್ಜಿ ಹೇಳಿ ನಾನು ಬರೆಯುತ್ತಿದ್ದ ಪತ್ರದ ಕೊನೆಯಲ್ಲಿ ಹಂಡೆಯ ವಿಚಾರ ಇದ್ದೇ ಇರುತ್ತಿತ್ತು. ಗೋದಕ್ಕನ ನೀಲಿ ಇನ್‌ಲ್ಯಾಂಡಿನಲ್ಲಿ, ಮೇಲೆ ದೊಡ್ಡದಾಗಿ ‘ಶ್ರೀ’ ಬರೆದ ಕೆಳಗೆ, ಉತ್ತರವೂ ಇರುತ್ತಿತ್ತು. “ಹಂಡೆಯ ಮಾತು ಎತ್ತಬೇಡ. ನಾನು ಸತ್ತ ಮೇಲೆ ನೋಡೋಣ.” ಅದನ್ನು ಕೇಳಿ ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. “ನೋಡಿದಿ? ಎಷ್ಟ ಸೊಕ್ಕು ಮುದಿಕಿಗೆ!”

ಆ ವರ್ಷದ ನವರಾತ್ರಿಯ ಬಗ್ಗೆ ನನಗೊಂದು ದೊಡ್ಡ ಆಸೆ ಇತ್ತು. ಅದಕ್ಕೆ ಮೊದಲ ಮೂರು ವರ್ಷ ನಾನು ಕಾಲೋನಿಯ ಗರಬಾವನ್ನು ಫ್ರಾಕು ಹಾಕಿಕೊಂಡು ಬದಿಯಲ್ಲಿ ನಿಂತು ನೋಡಿದವಳು. ಕೋಕಿಲಾಬೆನ್ ಮಗಳು ಹೇತಲ್ ನನ್ನದೇ ತರಗತಿ. ಅವಳ ಗರಬಾದ ಲಂಗ ರವಿಕೆ, ಚಣಿಯಾ ಚೋಳಿಯ ಕನ್ನಡಿ ಚೂರುಗಳು ಮಿಂಚುವಾಗ ನಾನು ನನ್ನ ಫ್ರಾಕಿನ ಅಂಚು ಕೆಳಗೆಳೆದುಕೊಳ್ಳುತ್ತಿದ್ದೆ. ಈ ಸಲ ಅಜ್ಜಿಯೇ ಟ್ರಂಕು ತೆರೆದು, ಅಜ್ಜ ಹೋದ ಮೇಲೆ ಉಡದೆ ಇಟ್ಟಿದ್ದ ದಾಳಿಂಬೆ ಬಣ್ಣದ ಇಳಕಲ್ ಸೀರೆ ತೆಗೆದಳು. “ಕತ್ತರಸ್ರಿ. ಇನ್ನ ಯಾರಿಗೆ ಉಟ್ಟ ತೋರಸ್ಲಿ?” ಎಂದಳು. ಕೋಕಿಲಾಬೆನ್ ಅದರಲ್ಲಿ ನನಗೆ ಲಂಗ ಹೊಲಿದು, ಅಂಚಿಗೆ ಕನ್ನಡಿ ಕೂರಿಸಿ ಕೊಟ್ಟರು. ಹುಡುಗಿಯರ ಗುಂಪಿನಲ್ಲಿ ನನ್ನ ಹೆಸರೂ ಸೇರಿತು. ಒಂದು ತಿಂಗಳು ಬೇವಿನ ಮರದ ಕೆಳಗೆ ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಕೆಂಪಾಗಿತ್ತು.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ, ನವರಾತ್ರಿಗೆ ಒಂದೇ ದಿನ ಇರುವಾಗ, ಟಪಾಲಿನವ ಇನ್‌ಲ್ಯಾಂಡಿನ ಬದಲು ಒಂದು ಹಳದಿ ಕಾರ್ಡು ಕೊಟ್ಟ. ವಿಳಾಸ ಅಪ್ಪನ ಹೆಸರಿಗಿತ್ತು; ಅಪ್ಪ ಆ ಬೆಳಿಗ್ಗೆಯಷ್ಟೇ ಎಣ್ಣೆ ಬಾವಿಗಳ ಕಡೆಗೆ ಹೊರಟುಹೋಗಿಯಾಗಿತ್ತು. ಅಕ್ಷರ ಗೋದಕ್ಕನದಲ್ಲ, ಅವರ ಮಗ ರಾಘು ದೊಡ್ಡಪ್ಪನದು. ತಿರುಗಿಸಿ ನೋಡಿದೆ. ಮೇಲೆ ‘ಶ್ರೀ’ ಇರಲಿಲ್ಲ. ನಮ್ಮ ಕಡೆ ಕಾರ್ಡಿನಲ್ಲಿ, ‘ಶ್ರೀ’ ಇಲ್ಲದೆ ಯಾವ ಪತ್ರ ಬರೆಯುತ್ತಾರೆಂದು ಅಜ್ಜಿ ನನಗೆ ಕಲಿಸಿದ್ದಳು. ಮೆಟ್ಟಿಲ ಮೇಲೆ ನಿಂತು ಓದಿದೆ.

“ತಿಳಿಸಲು ದುಃಖವಾಗುತ್ತದೆ. ನಮ್ಮ ತಾಯಿಯವರು ಏಕಾದಶಿ ದಿವಸ ಬೆಳಿಗ್ಗೆ ವೈಕುಂಠವಾಸಿಗಳಾದರು. ಹಿಂದಿನ ದಿನದವರೆಗೆ ಮಾತಾಡುತ್ತಿದ್ದರು. ಹಂಡೆ ಅಂಬಕ್ಕನಿಗೆ ಕೊಡ್ರಿ, ಹಂಡೆ ಅಂಬಕ್ಕನಿಗೆ ಕೊಡ್ರಿ ಎಂದು ಎರಡು ಸಲ ಹೇಳಿದರು. ಕಾಕೂಗೆ ಜೋಪಾನವಾಗಿ ತಿಳಿಸುವುದು.”

ಕಾಕೂ ಎಂದರೆ ಅಜ್ಜಿ. ನಾನು ಅಳಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಗೋದಕ್ಕನ ಮುಖ ನನಗೆ ನೆನಪಿಗೇ ಬರಲಿಲ್ಲ. ನೆನಪಿಗೆ ಬಂದದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ದಾಳಿಂಬೆ ಬಣ್ಣದ ಲಂಗ. ಗೋದಕ್ಕ ನಮ್ಮ ಮನೆತನದವರು. ಕಾರ್ಡು ಮನೆಯೊಳಗೆ ಹೋದರೆ ಎಲ್ಲರಿಗೂ ಹತ್ತು ದಿನದ ಸೂತಕ. ಪೂಜೆ ಇಲ್ಲ, ಯಾರ ಮನೆಗೂ ಹೋಗುವಂತಿಲ್ಲ, ಗರಬಾ ಅಂತೂ ಕೇಳುವುದೇ ಬೇಡ. ಹತ್ತು ದಿನ ಎಂದರೆ ಇಡೀ ನವರಾತ್ರಿ. ನನ್ನ ತಲೆಗೆ ಹೊಳೆದದ್ದು ಅಷ್ಟೇ ಲೆಕ್ಕ.

ಕೇಳಿದವರಿಗೆ ತಾನೇ ಸೂತಕ ಎಂಬುದನ್ನೂ ಅಜ್ಜಿಯ ಬಾಯಿಂದಲೇ ಕೇಳಿದ್ದೆ. ಯಾರಿಗೂ ಗೊತ್ತಾಗದಿದ್ದರೆ ಯಾರಿಗೂ ಇಲ್ಲ. ಗುಜರಾತಿಗಳು ಸಾವಿನ ಕಾಗದವನ್ನು ಮೈಲಿಗೆಯ ಕಾಗದ ಎಂದು ಹೊಸ್ತಿಲ ಒಳಗೆ ತರುವುದಿಲ್ಲವೆಂದು ಹೇತಲ್ ಹೇಳಿದ್ದಳು. ಹರಿದು ಬಿಸಾಡಬಹುದಿತ್ತು. ಆದರೆ ಹಂಡೆ ಅಜ್ಜಿಯದು ಎಂಬ ಮಾತು ಇದ್ದದ್ದು ಆ ಕಾರ್ಡಿನಲ್ಲೇ ಅಲ್ಲವೇ? ಹರಿದರೆ ಹಂಡೆಯೂ ಹೋದೀತೆಂದು ಹೆದರಿ, ಮೊದಲ ಮಹಡಿಯ ಮೆಟ್ಟಿಲ ಬಳಿಯಿದ್ದ ಕರೆಂಟು ಮೀಟರಿನ ಪೆಟ್ಟಿಗೆಯ ಹಿಂದೆ ಅದನ್ನು ತುರುಕಿದೆ. ಮೇಲೆ ಹೋದಾಗ ಅಜ್ಜಿ ಕೇಳಿದಳು.

“ಬಂತೇನು?”

“ಇಲ್ಲ ಅಜ್ಜಿ.”

“ಗೋದಾಂದು ಈ ಸಲ ಭಾಳ ತಡಾ ಆತು,” ಎಂದು ಹತ್ತಿಯ ಬತ್ತಿ ಹೊಸೆಯತೊಡಗಿದಳು. ಒಂಬತ್ತು ದಿನ ಆರದಂತೆ ಉರಿಯುವ ನಂದಾದೀಪಕ್ಕೆ ಬತ್ತಿ ಹೊಸೆದು ಎಣ್ಣೆ ಹಾಕುವ ಕೆಲಸ ನಮ್ಮ ಮನೆಯಲ್ಲಿ ಅಜ್ಜಿಯದು.

ಮಾರನೆಯ ದಿನ ಅಮ್ಮ ಘಟ್ಟ ಕೂರಿಸಿದಳು. ಬಾಳೆಲೆಯ ಮೇಲೆ ಮಣ್ಣು ಹರಡಿ, ಗೋಧಿ ಬಿತ್ತಿ, ನಡುವೆ ಕಲಶ. ಹೂರಣದ ವಾಸನೆ, ಕರ್ಪೂರದ ವಾಸನೆ, ಒದ್ದೆ ಮಣ್ಣಿನ ವಾಸನೆ. ನನಗೆ ತಿಳಿದಂತೆ ಆ ಮನೆಯಲ್ಲಿ ಸೂತಕ ಇದ್ದದ್ದು ಒಬ್ಬಳಿಗೆ, ಕಾರ್ಡು ಓದಿದ ನನಗೆ. “ಹೂವಿನ ಬುಟ್ಟಿ ಕೊಡು,” ಎಂದು ಅಮ್ಮ ಕೈ ಚಾಚಿದಾಗ ನನ್ನ ಕೈ ಮೇಲೇಳಲಿಲ್ಲ. ನಾನು ಮುಟ್ಟಿದ ಹೂವು ದೇವಿಗೆ ಏರಿದರೆ ಏನಾಗುತ್ತದೋ! ಬುಟ್ಟಿಯನ್ನು ಕಾಲಿನಿಂದ ಅವಳತ್ತ ದೂಡಿದೆ. ಅದಕ್ಕೆ ಬೆನ್ನಿಗೊಂದು ಗುದ್ದು ಬಿತ್ತು.

ಸಂಜೆ ಆರತಿಯ ನಂತರ ಮಕ್ಕಳ ಗರಬಾ. ಲಂಗ ತೊಟ್ಟು ತಿರುಗಿದಾಗ ಅದು ಕೊಡೆಯಂತೆ ಅರಳಿತು. ಎರಡು ಸಂಜೆ ನಾನು ಎಲ್ಲವನ್ನೂ ಮರೆತು ಕುಣಿದೆ. ಮರೆತದ್ದು ಕುಣಿಯುವಷ್ಟು ಹೊತ್ತು ಮಾತ್ರ. ಮನೆಗೆ ಬರಲು ಇದ್ದದ್ದು ಅದೊಂದೇ ಮೆಟ್ಟಿಲು, ಆ ಮೆಟ್ಟಿಲಲ್ಲಿ ಅದೊಂದೇ ಮೀಟರ್ ಪೆಟ್ಟಿಗೆ. ದಿನಕ್ಕೆ ಹತ್ತು ಸಲ ಅದರ ಮುಂದೆ ಹಾಯಬೇಕು. ಉಸಿರು ಬಿಗಿಹಿಡಿದು ಓಡುತ್ತಿದ್ದೆ.

ಮೂರನೆಯ ದಿನ ಟಪಾಲಿನವ ಬಂದು ಹೋದ ಮೇಲೆ ಅಜ್ಜಿ ನಗಲಿಲ್ಲ.

“ಇಷ್ಟ ದಿನಾ ಅಕಿ ಪತ್ರಾ ತಡಾ ಮಾಡಿದ್ದಿಲ್ಲ. ನಾಳೆ ಬರಲಿಲ್ಲಂದ್ರ ನಿಮ್ಮವ್ವಗ ಹೇಳಿ ಊರಿಗೆ ತಾರ ಹಾಕಸ್ತೇನಿ.”

ತಾರು ಹೋದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಕಾರ್ಡು ಏನಾಯಿತೆಂದು ಕೇಳುತ್ತಾರೆ. ಒಂದು ಸುಳ್ಳು ಹೇಳಿದ ಮೇಲೆ ನಿಲ್ಲಲು ಎಲ್ಲೂ ಜಾಗವಿಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ. ಅಜ್ಜಿಯ ಬಿಸ್ಕತ್ತಿನ ಡಬ್ಬಿಯಿಂದ ಹಳೆಯ ಇನ್‌ಲ್ಯಾಂಡೊಂದನ್ನು ಎಗರಿಸಿದೆ. ಮೆಟ್ಟಿಲು ಇಳಿದು, ಸ್ವಲ್ಪ ಹೊತ್ತು ಕೆಳಗೆ ನಿಂತು, ದಡದಡನೆ ಹತ್ತಿ ಬಂದೆ.

“ಅಜ್ಜೀ, ಪತ್ರ! ಕೋಕಿಲಾಬೆನ್ ಮನೆಗೆ ಕೊಟ್ಟು ಹೋಗಿದ್ದನಂತೆ.”

ಅಜ್ಜಿಯ ಮುಖ ಅರಳಿದ್ದನ್ನು ನೋಡಿ ನನಗೂ ಸಮಾಧಾನವಾಯಿತು. ಕೈಯಲ್ಲಿ ಹಳೆಯ ಪತ್ರ ಹಿಡಿದು, ಬಾಯಿಗೆ ಬಂದದ್ದನ್ನು ಓದಿದೆ. ಇಲ್ಲಿ ಎಲ್ಲ ಕ್ಷೇಮ. ಮಳೆ ಚೆನ್ನಾಗಿ ಆಗಿದೆ. ಎಮ್ಮೆ ಕರು ಹಾಕಿದೆ. ಸೊಸೆ ಎದುರುತ್ತರ ಕೊಡುತ್ತಾಳೆ. ಗೋದಕ್ಕನ ಧಾಟಿ ನನಗೆ ಬಾಯಿಪಾಠವಾಗಿತ್ತು. ಕೊನೆಗೆ ಹಂಡೆಯ ವಿಚಾರ ಬರಬೇಕು. ಅಲ್ಲಿ ತಡೆದೆ. ಇಷ್ಟೂ ಸುಳ್ಳು ಓದಿದ್ದೇನೆ, ಒಂದಾದರೂ ನಿಜ ಸೇರಿಸಿದರೆ ಪಾಪ ಸ್ವಲ್ಪ ಕಡಿಮೆಯಾದೀತು ಎನಿಸಿತು. ಅಜ್ಜಿಗೂ ಸಂತೋಷವಾಗುತ್ತದೆ, ಇಷ್ಟು ವರ್ಷ ಕೇಳಿದ್ದಾಳೆ.

“ಹಂಡೆಯನ್ನು ನೀನೇ ಇಟ್ಟುಕೋ, ಅಂಬಕ್ಕ,” ಎಂದು ಓದಿದೆ.

ಅಜ್ಜಿ ನೆಟ್ಟಗೆ ಕೂತಳು.

“ಇನ್ನೊಮ್ಮೆ ಓದು.”

“ಹಂಡೆಯನ್ನು ನೀನೇ ಇಟ್ಟುಕೋ.”

“ಹಂಗ ಬರದಾಳ?”

“ಹೂಂ.”

ಕೈ ಚಾಚಿ ಪತ್ರ ಇಸಿದುಕೊಂಡಳು. ಅಂಚು ಸವರಿದಳು. ಹಳೆಯ ಪತ್ರದ ಅಂಚು ಮೆತ್ತಗಾಗಿರುತ್ತದೆಂದು ನನಗೆ ಹೊಳೆಯಲಿಲ್ಲ. ನನ್ನ ಮುಖವಿದ್ದ ಕಡೆ ಸ್ವಲ್ಪ ಹೊತ್ತು ತನ್ನ ಮಸುಕು ಕಣ್ಣು ನೆಟ್ಟಳು. ಆಮೇಲೆ, “ಆತು. ಹೋಗು, ಆಡಹೋಗು,” ಎಂದು ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋದಳು. ಉಟ್ಟ ಸೀರೆಯಲ್ಲೇ ತಣ್ಣೀರು ಸುರಿದುಕೊಂಡ ಸದ್ದಿಗೆ ಅಮ್ಮ ಎದ್ದು ಬಂದಳು.

“ಇದೇನ್ರಿ ಅತ್ತ್ಯಾ, ಈ ಹೊತ್ತಿನ್ಯಾಗ ಸ್ನಾನ?”

“ಸೆಕಿ ಆಗ್ಲಿಕ್ಹತ್ತಿತ್ತು,” ಎಂದಿತು ಒಳಗಿನ ದನಿ.

ಸಂಜೆ ದೀಪಕ್ಕೆ ಎಣ್ಣೆ ಹಾಕಲು ಅಜ್ಜಿ ಬರಲಿಲ್ಲ. ಮೊಣಕಾಲು ಹಿಡಿದಿದೆ, ಕೂರಲಾಗುವುದಿಲ್ಲ ಎಂದಳು. ತನ್ನ ಚಾಪೆಯನ್ನು ಬಾಲ್ಕನಿಗೆ ಹಾಕಿಸಿಕೊಂಡಳು; ಅಲ್ಲಿ ಗಾಳಿ ಬರುತ್ತದಂತೆ. ತಟ್ಟೆಯನ್ನು ದೂರ ಇಡಲು ಹೇಳಿದಳು, ಒಂದೇ ಹೊತ್ತು ಉಂಡಳು, ಹೊಟ್ಟೆ ಭಾರವಂತೆ. ಅಮ್ಮನಿಗೆ ಹಬ್ಬದ ಕೆಲಸ ಮೈತುಂಬ ಇತ್ತು, ಹೆಚ್ಚು ಕೇಳಲಿಲ್ಲ. ನನಗೂ ಎರಡು ದಿನ ತಿಳಿಯಲಿಲ್ಲ.

ಲಲಿತಾ ಪಂಚಮಿಯ ದಿನ ನೈವೇದ್ಯದ ಕಡಬು ತೆಗೆದುಕೊಂಡು ಹೋಗಿ ಅಜ್ಜಿಯ ಬಾಯಿಗೆ ಇಡಲು ಹೋದೆ. ಅವಳು ಸರಕ್ಕನೆ ಹಿಂದೆ ಸರಿದಳು.

“ಅಲ್ಲೇ ಇಡು. ಮುಟ್ಟಬ್ಯಾಡ.”

ಆಗ ಗೊತ್ತಾಯಿತು. ಅಜ್ಜಿಗೆ ಗೊತ್ತಿದೆ. ಗೋದಕ್ಕ ಸತ್ತಿದ್ದಾರೆಂದು ಗೊತ್ತಿದೆ. ಗೊತ್ತಿದ್ದೂ ಮನೆಯಲ್ಲಿ ಯಾರಿಗೂ ಹೇಳದೆ ಈ ನಾಲ್ಕು ಅಡಿ ಬಾಲ್ಕನಿಯಲ್ಲಿ ಒಬ್ಬಳೇ ಸೂತಕ ಕೂತಿದ್ದಾಳೆ. ಅವಳು ಬಾಯಿ ಬಿಟ್ಟರೆ ಅಮ್ಮನೂ ಕೇಳಿದಂತಾಗುತ್ತದೆ. ನಡುವೆ ಘಟ್ಟ ನಿಲ್ಲುತ್ತದೆ, ದೀಪ ನಿಲ್ಲುತ್ತದೆ, ನನ್ನ ಕುಣಿತ ನಿಲ್ಲುತ್ತದೆ. ಕಡಬಿನ ತಟ್ಟೆ ಹಿಡಿದು ನಿಂತೇ ಇದ್ದೆ. ಎಲ್ಲವನ್ನೂ ಒದರಿಬಿಡಬೇಕೆನಿಸಿತು. ಆದರೆ ನಾಲ್ಕು ಹೆಜ್ಜೆ ದೂರದಲ್ಲಿ ಅಮ್ಮ ಆರತಿಗೆ ಅಣಿ ಮಾಡುತ್ತಿದ್ದಳು.

ಆ ಸಂಜೆ ನಾನು ಲಂಗ ತೊಡಲಿಲ್ಲ. ಕಾಲು ನೋವು ಎಂದು ಹಾಸಿಗೆಯ ಮೇಲೆ ಬಿದ್ದುಕೊಂಡೆ. ಕೆಳಗಿನಿಂದ ಹೇತಲ್ ಕೂಗಿದಳು, ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟದ್ದು ಬಾಲ್ಕನಿ.

“ಬರ್ತಾಳ, ನಿಂದ್ರು.” ಆಮೇಲೆ ನನ್ನತ್ತ ತಿರುಗಿ, “ಏಳು. ಸೀರಿ ಕತ್ತರಿಸಿ ಆಗೇದ. ಇನ್ನ ಕುಣೀಬೇಕು,” ಎಂದಳು ಅಜ್ಜಿ.

ಅದರಲ್ಲಿ ಸಿಟ್ಟಿತ್ತೋ, ಪ್ರೀತಿಯಿತ್ತೋ, ನನಗೆ ಇವತ್ತಿಗೂ ಬಿಡಿಸಿ ಹೇಳಲು ಬಾರದು. ಎರಡೂ ಇದ್ದಿರಬೇಕು. ಆ ಸಂಜೆಯೂ, ಉಳಿದ ನಾಲ್ಕು ಸಂಜೆಯೂ ನಾನು ಕುಣಿದೆ. ಬಾಲ್ಕನಿಯ ಕಂಬಿಯ ಹಿಂದೆ ಬಿಳಿ ತಲೆಯೊಂದು ಮೈದಾನದ ಕಡೆಗೇ ಮುಖ ಮಾಡಿ ಕೂತಿರುತ್ತಿತ್ತು. ಆ ಕಣ್ಣಿಗೆ ನಾನು ಕಾಣುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೂ ಸುತ್ತು ತಿರುಗಿ ಆ ಕಡೆ ಬಂದಾಗಲೆಲ್ಲ ತಲೆ ತಗ್ಗಿಸುತ್ತಿದ್ದೆ. ಬಯಸಿ ಪಡೆದ ಲಂಗ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಸುತ್ತಿನಿಂದ ಹೊರಗೆ ಬರೋಣವೆಂದರೆ ಎರಡೂ ಕಡೆ ಚಪ್ಪಾಳೆ ತಟ್ಟುವ ಹುಡುಗಿಯರು. ಕೋಕಿಲಾಬೆನ್ ನನ್ನ ಗಲ್ಲ ಹಿಡಿದು, ನಮ್ಮ ಹುಡುಗಿಯರಿಗಿಂತ ಚೆನ್ನಾಗಿ ಆಡುತ್ತಾಳೆ ಎಂದರು. ಮೂರು ವರ್ಷ ಕಾದಿದ್ದ ಮಾತು ಅದು. ಕೇಳಿ ನಾನು ಬಾಲ್ಕನಿಗೆ ಬೆನ್ನು ಮಾಡಿದೆ.

ದಸರೆಯ ಬೆಳಿಗ್ಗೆ ಕಾಲೋನಿಯೆಲ್ಲ ಫಾಫಡಾ ಜಿಲೇಬಿಗೆ ಸಾಲು ನಿಂತಿತ್ತು. ಘಟ್ಟದ ಗೋಧಿ ಗೇಣುದ್ದ ಬೆಳೆದು ನಿಂತಿತ್ತು. ಹಳದಿಯಾದೀತೆಂದು ಒಂಬತ್ತೂ ದಿನ ಹೆದರಿದ್ದೆ. ಅದು ಎಂದಿಗಿಂತ ಹಸಿರಾಗಿತ್ತು. ಅಮ್ಮ ಎಲ್ಲಿಂದಲೋ ನಾಲ್ಕು ಎಸಳು ಬನ್ನಿ ತರಿಸಿದ್ದಳು. ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು. ನಾನು ಬಾಲ್ಕನಿಗೆ ಹೋದೆ. ಅಜ್ಜಿ ಕೈ ಚಾಚಲಿಲ್ಲ.

“ಅಲ್ಲೇ ಇಡು. ನಾಕ ದಿನಾ ಬಿಟ್ಟ ತಗೋತೇನಿ.”

ತ್ರಯೋದಶಿಯ ಬೆಳಿಗ್ಗೆ ಅಮ್ಮ ಬಾಲಮಂದಿರಕ್ಕೆ ಹೋದ ಮೇಲೆ ಅಜ್ಜಿ ತಲೆಗೆ ನೀರು ಹಾಕಿಕೊಂಡು, ಬೇರೆ ಸೀರೆ ಉಟ್ಟು, ಬಾಗಿಲ ಬಳಿ ನೆಲದ ಮೇಲೆ ಕೂತಳು. ಶಾಲೆಗೆ ಇನ್ನೂ ರಜೆ ಇತ್ತು.

“ಪದ್ದೀ, ಕಾರ್ಡ ತಗೊಂಡ ಬಾ.”

ಯಾವ ಕಾರ್ಡು ಎಂದು ನಾನು ಕೇಳಲಿಲ್ಲ. ಇಳಿದು ಹೋಗಿ, ಮೀಟರ್ ಪೆಟ್ಟಿಗೆಯ ಹಿಂದಿನಿಂದ ಎಳೆದು, ಜೇಡರ ಬಲೆ ಒರೆಸಿ ತಂದೆ. ಹೊಸ್ತಿಲ ಆಚೆಯೇ ನಿಂತು ಓದೆಂದಳು. ಓದಿದೆ. ಹಂಡೆಯ ಸಾಲು ಬಂದಾಗ ಅಜ್ಜಿ ಕಣ್ಣು ಮುಚ್ಚಿಕೊಂಡಳು.

“ಅಜ್ಜೀ, ನಿನಗ ಹೆಂಗ ಗೊತ್ತಾತು?” ಎಂದೆ.

“ಗೋದಾ ಜೀವಂತ ಇದ್ದಿದ್ರ ಹಂಡೀ ಬಿಡತಿದ್ದಿಲ್ಲ,” ಎಂದಳು. “ಸಾಯೂ ಹೊತ್ತಿನ್ಯಾಗ ಅಂದಿರಬೇಕು ಅಂದ್ಕೊಂಡೆ.”

ಆಮೇಲೆ, “ಯಾವತ್ತ ಹೋದ್ಲಂತ? ಏಕಾದಶಿ?” ಎಂದು ಬೆರಳು ಮಡಚತೊಡಗಿದಳು. ಏಕಾದಶಿ, ದ್ವಾದಶಿ, ತ್ರಯೋದಶಿ, ಚತುರ್ದಶಿ, ಅಮಾವಾಸ್ಯೆ. ಒಂದು ಕೈ ತುಂಬಿತು. ಪಾಡ್ಯ, ಬಿದಿಗೆ, ತದಿಗೆ, ಚೌತಿ, ಪಂಚಮಿ. ಎರಡನೆಯ ಕೈಯೂ ತುಂಬಿತು. ಮಡಚಿದ ಹತ್ತು ಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡಳು.

“ಹುಚ್ಚಿ, ಸೂತಕಾ ಸತ್ತ ದಿನದಿಂದ ಲೆಕ್ಕಾ. ಅಮಾಸಿ ದಿನಾ ಕಾರ್ಡ ಕೊಟ್ಟಿದ್ರ ಪಂಚಮಿಗೆ ಎಲ್ಲಾರಿಗೂ ಮುಗೀತಿತ್ತು. ಷಷ್ಠಿಗೆ ಸ್ನಾನಾ ಮಾಡಿ ನಿಮ್ಮವ್ವ ಘಟ್ಟಾ ಕೂಡಸ್ತಿದ್ಲು. ನಿನಗ ನಾಕ ದಿನಾ ಕುಣೀಲಿಕ್ಕೆ ಸಿಗತಿತ್ತು.”

“ಮತ್ತ ನೀ?”

“ನನಗ ದಿನಾ ಗೊತ್ತಿದ್ದಿಲ್ಲಲಾ. ದಿನಾ ಗೊತ್ತಿರದಿದ್ರ ಕೇಳಿದ ದಿನದಿಂದ ಹತ್ತು. ಮೂರ ದಿನಕ್ಕ ಮುಗಿಯೂದು, ಏಳ ದಿನಾ ಹೆಚ್ಚಿಗಿ ಕೂತೆ.”

“ನನ್ನ ಕೇಳಬೇಕಿತ್ತು, ಅಜ್ಜಿ,” ಎಂದು ಅಳತೊಡಗಿದೆ.

“ಕೇಳಿದ್ರ ನೀ ಹೇಳ್ತಿದ್ದಿ. ಹೇಳಿದ ಮ್ಯಾಲ ನಿನ್ನ ಕುಣೀಲಿಕ್ಕೆ ಕಳಸೂದು ನನ್ನ ಕಡಿಂದ ಆಗ್ತಿದ್ದಿಲ್ಲ.” ಒದ್ದೆ ಕೂದಲನ್ನು ಗಂಟು ಹಾಕಿಕೊಂಡಳು. “ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಅವತ್ತ ನನಗ ಅಳು ಬಂದಿತ್ತು. ಬಾಯಾಗ ಸೆರಗ ತುರುಕೊಂಡು ಹತ್ತ ದಿನಾ ಕೂತೆ. ಈಗ ನೀ ಓದೂ ಮುಂದ ಅಳಬೇಕಂದೆ. ಬರವಲ್ದು.”

ಬಾ ಎಂದು ಕೈ ಚಾಚಿದಳು. ಹತ್ತು ದಿನದ ಮೇಲೆ ಮೊದಲ ಸಲ ಅವಳನ್ನು ಮುಟ್ಟಿದೆ. ಅವಳ ಮಡಿಲಲ್ಲಿ ಮುಖವಿಟ್ಟು ಅತ್ತವಳು ನಾನೊಬ್ಬಳೇ. ಗೋದಕ್ಕನಿಗಾಗಿ ಅಲ್ಲ, ನನಗಾಗಿ. ಮೂವತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಕೂತವರಿಗಾಗಿ ಒಂದು ಸಲ ಗಟ್ಟಿಯಾಗಿ ಅಳುವ ಅವಕಾಶವನ್ನು ನಾನು ಒಂಬತ್ತು ಸಂಜೆಯ ಕುಣಿತಕ್ಕಾಗಿ ಕಸಿದುಕೊಂಡಿದ್ದೆ. ಸುತ್ತ ಮುತ್ತ ಕನ್ನಡದಲ್ಲಿ ಅತ್ತರೆ ತಿಳಿಯುವವರೂ ಇರಲಿಲ್ಲ ಆ ಊರಿನಲ್ಲಿ; ಇದ್ದ ಇಬ್ಬರಿಂದಲೂ ಅವಳು ಅದನ್ನು ಮುಚ್ಚಿಡಬೇಕಾಯಿತು.

ಅಜ್ಜಿ ಕಾರ್ಡನ್ನು ನಾಲ್ಕು ಚೂರು ಮಾಡಿ ಹರಿದು ನನ್ನ ಕೈಗಿತ್ತಳು. ಕೆಳಗೆ ಹೋಗಿ ಬೇವಿನ ಬುಡದಲ್ಲಿ ಹೂತು, ಕೈ ತೊಳೆದು ಬಾ ಎಂದಳು. ಅಮ್ಮನಿಗೂ, ಪಾಳಿ ಮುಗಿಸಿ ಬಂದಿದ್ದ ಅಪ್ಪನಿಗೂ ಹೇಳಿದ್ದು ಶರದ್ ಪೂರ್ಣಿಮೆಯ ಮರುದಿನ. ಹುಣ್ಣಿಮೆಗೆ ಕೋಕಿಲಾಬೆನ್ ತಾರಸಿಯ ಮೇಲೆ ಬೆಳದಿಂಗಳಲ್ಲಿ ಇಟ್ಟು ತಂದುಕೊಡುವ ಹಾಲು ಅವಲಕ್ಕಿ ನನಗೆ ಇಷ್ಟವೆಂದು ಅಜ್ಜಿಗೆ ಗೊತ್ತಿತ್ತು. ಕಾರ್ಡು ಎಲ್ಲಿ ಎಂದು ಅಮ್ಮ ಕೇಳಿದ್ದಕ್ಕೆ, “ಹರದ ಹಾಕಿದೆ. ಅಂಥಾದ್ದು ಮನ್ಯಾಗ ಇಟ್ಕೋತಾರೇನು?” ಎಂದಳು. ಹತ್ತು ದಿನ ಕಳೆದು ಕೇಳಿದವರಿಗೆ ಮೂರೇ ದಿನ ಎಂದು ಅಪ್ಪ ಅಮ್ಮ ಮೂರು ದಿನ ಸೂತಕ ಹಿಡಿದರು. ಅಜ್ಜಿಯೂ ಏನೂ ಅರಿಯದವಳಂತೆ ಮತ್ತೆ ಮೂರು ದಿನ ಕೂತಳು.

ದೀಪಾವಳಿಗೆ ಎರಡು ದಿನ ಮೊದಲು ಊರ ಕಡೆಯವರೊಬ್ಬರು ರೈಲಿನಲ್ಲಿ ಗೋಣಿ ಸುತ್ತಿದ ಹಂಡೆ ತಂದುಕೊಟ್ಟರು. ನಾನೂ ಅಜ್ಜಿಯೂ ಬಾಲ್ಕನಿಯಲ್ಲಿ ಕೂತು ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಅಜ್ಜಿ ಅದರ ಮೈಯೆಲ್ಲ ಸವರಿ ಒಂದು ಕಡೆ ಕೈ ನಿಲ್ಲಿಸಿದಳು.

“ನೋಡು, ಇಲ್ಲೆ ತಗ್ಗ ಮಾಡಿಟ್ಟಾಳ. ಒಂದ ಸಾಮಾನಾ ನೆಟ್ಟಗ ಇಟ್ಕೊಂಡ ಗೊತ್ತಿಲ್ಲ ಅಕಿಗೆ,” ಎಂದಳು. ಬಹಳ ಹೊತ್ತು ಆ ತಗ್ಗಿನಲ್ಲೇ ಅಂಗೈ ಇಟ್ಟುಕೊಂಡು ಕೂತಿದ್ದಳು.

ನಮ್ಮ ಬಚ್ಚಲಿನಲ್ಲಿ ಒಲೆ ಇರಲಿಲ್ಲ. ಆದರೂ ನೀರು ತುಂಬುವ ಹಬ್ಬದ ಸಂಜೆ ನಳದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಹಂಡೆ ತುಂಬಿಸಿದೆವು. ಅದರ ಕೊರಳಿಗೆ ಕಟ್ಟುವ ಹಿಂಡಲಕಾಯಿ ಬಳ್ಳಿ ಅಲ್ಲಿ ಸಿಗದೆ, ಕೋಕಿಲಾಬೆನ್ ಮನೆಯ ಹೀರೆಬಳ್ಳಿ ಕಟ್ಟಿದೆವು. ಅಜ್ಜಿ ಇರುವವರೆಗೂ ಹಾಗೇ ನಡೆಯಿತು. ಪತ್ರ ಬರೆಸುವುದನ್ನು ಮಾತ್ರ ಅವಳು ಆ ವರ್ಷವೇ ನಿಲ್ಲಿಸಿದಳು. ಮೂರು ಗಂಟೆಗೆ ಸೈಕಲ್ ಗಂಟೆ ಕೇಳಿದರೂ ನನ್ನನ್ನು ಕೂಗುತ್ತಿರಲಿಲ್ಲ.

ಈಗ ನಾನಿರುವುದು ಅಹಮದಾಬಾದಿನದೇ ಇನ್ನೊಂದು ತುದಿಯ ಬೋಪಾಲಿನಲ್ಲಿ, ಹನ್ನೊಂದನೆಯ ಮಹಡಿ. ಮಗಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಅಕ್ಕಿಯ ತಟ್ಟೆ ಹಿಡಿದು ಕೂರುವಷ್ಟು ಪುರಸೊತ್ತು ನನಗಿರಲಿಲ್ಲ, ಅವಳ ಕೈಯಲ್ಲಿ ಓದಿಸುವಂಥ ಪತ್ರವೂ ಬರಲಿಲ್ಲ. ಸಾವಿನ ಸುದ್ದಿ ಬರುವುದು ಫೋನಿಗೆ, ಮನೆತನದ ಗುಂಪಿಗೆ. ಎಲ್ಲರಿಗೂ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಯಾರೂ ಮುಚ್ಚಿಡುವಂತಿಲ್ಲ, ಯಾರೂ ಯಾರಿಗೂ ಓದಿ ಹೇಳುವಂತಿಲ್ಲ. ನಲವತ್ತು ಕೈಮುಗಿದ ಚಿತ್ರಗಳು ಸಾಲಾಗಿ ಬಂದು ಬೀಳುತ್ತವೆ, ಅಷ್ಟಕ್ಕೆ ಮುಗಿಯುತ್ತದೆ.

ಹೋದ ವರ್ಷ ದೀಪಾವಳಿಗೆ ಮೊದಲು ಮನೆ ಬಣ್ಣ ಮಾಡಿಸುವಾಗ, ಹಂಡೆ ಇಡಲು ಜಾಗವಿಲ್ಲವೆಂದು ಮಗಳು ಹಟ ಹಿಡಿದಳು. ನನಗೂ ಒಂದು ಕ್ಷಣ ನ್ಯಾಯವೆನಿಸಿತು. ಎಷ್ಟಾದರೂ ಅದು ಗೋದಕ್ಕನ ಬಚ್ಚಲಿನದು, ಅವರ ಮೊಮ್ಮಕ್ಕಳಿಗೇ ಸೇರಲಿ. ತಗ್ಗಾದ ಹೊಟ್ಟೆ ಕಾಣುವಂತೆ ಫೋಟೊ ತೆಗೆದು ಗುಂಪಿಗೆ ಹಾಕಿದೆ. ಯಾರಾದರೂ ತನಗೆ ಬೇಕು ಎನ್ನಲಿ, ಇಬ್ಬರು ಕೇಳಿದರೆ ಇನ್ನೂ ಒಳ್ಳೆಯದು, ನಾನು ಕೊಡುವುದಿಲ್ಲ ಎಂದು ಜಗಳ ಆಡೋಣ ಎಂದು ಒಳಗೊಳಗೇ ಕಾದೆ.

ರಾಘು ದೊಡ್ಡಪ್ಪನ ಮಗನ ಉತ್ತರ ಅರೆ ನಿಮಿಷದಲ್ಲಿ ಬಂತು. “ಅಯ್ಯೋ, ಬ್ಯಾಡ ಪದ್ದಕ್ಕ. ಹಂಡೆ ನೀನೇ ಇಟ್ಕೋ.”

ಅವನ ಕೆಳಗೆ ಅವನ ತಂಗಿಯೂ ಅದನ್ನೇ ಬರೆದಳು. ನಾನು ಫೋನು ಬದಿಗಿಟ್ಟು ಬಾಲ್ಕನಿಗೆ ಹೋದೆ, ಹಂಡೆಯ ಪಕ್ಕದಲ್ಲಿ ನೆಲದ ಮೇಲೆ ಕೂತೆ, ಮತ್ತು ಮಗಳು ಗಾಬರಿಯಾಗಿ ಓಡಿ ಬರುವಷ್ಟು ಗಟ್ಟಿಯಾಗಿ ಅತ್ತೆ.